ಯಂತ್ರದ ಮಾತಿಗೊಂದು ಗುರುತು

ಯಾವುದಾದರೂ ನಾಟಕದ ಪುಸ್ತಕ ತೆರೆದು ನೋಡಿ. ಮೊದಲು ಪಾತ್ರದ ಹೆಸರು, ಆಮೇಲೆ ಮಾತು. ‘ಬಾಗಿಲು ತೆರೆದು ಒಳಬರುತ್ತಾನೆ’ ಎಂಬಂಥ ರಂಗಸೂಚನೆಗೆ ಆವರಣ ಚಿಹ್ನೆ. ಅಚ್ಚು ಹಾಕುವವರು ಒಂದು ಪುಟದಲ್ಲಿ ಆವರಣ ಹಾಕಿ ಮುಂದಿನ ಪುಟದಲ್ಲಿ ಮರೆತರೆ ಹೊಸ ನಟ ಸೂಚನೆಯನ್ನೂ ಮಾತೆಂದೇ ಒಪ್ಪಿಸಿಬಿಟ್ಟಾನು!

ಬರೀ ಅಕ್ಷರಗಳಲ್ಲೇ ಹರಟೆ ನಡೆಯುವ ಕಂಪ್ಯೂಟರ್ ಪರದೆಗೂ ಇದೇ ತೊಡಕು. ಇಂಥ ಹರಟೆಕಟ್ಟೆಗಳಲ್ಲಿ ಹೆಸರಾದದ್ದು ಇಂಟರ್‌ನೆಟ್ ರಿಲೇ ಚಾಟ್, ಅಂದರೆ ಐಆರ್‌ಸಿ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರೂಪಿಸಿದ ಇದು ಇಂದಿಗೂ ಬಳಕೆಯಲ್ಲಿದೆ. ಸಾಲಿನ ಮೊದಲಿಗೆ ಓರೆಗೆರೆ ಹಾಕಿ ಬರೆದರೆ ಅದು ಯಂತ್ರಕ್ಕೆ ಕೊಟ್ಟ ಆಜ್ಞೆ. ಇಲ್ಲವಾದರೆ ಮಂದಿಯ ಜೊತೆ ಆಡಿದ ಮಾತು. ಆಜ್ಞೆಗೆ ಬರುವ ಉತ್ತರವೂ ಮಂದಿಯ ಮಾತಿನ ನಡುವೆ, ಅದೇ ಅಕ್ಷರಗಳಲ್ಲಿ ಬಂದು ಬೀಳುತ್ತದೆ. ಯಾವುದು ಯಾರ ಮಾತು?

1993ರ ಐಆರ್‌ಸಿ ನಿಯಮಾವಳಿ ಸರ್ವರಿನ ಉತ್ತರಗಳಿಗೆ ಮೂರಂಕಿಯ ಸಂಖ್ಯೆ ಕೊಟ್ಟಿದೆ. ನೀವು ಬಯಸಿದ ಹೆಸರನ್ನು ಬೇರೊಬ್ಬರು ಆಗಲೇ ಇಟ್ಟುಕೊಂಡಿದ್ದರೆ 433. ನೀವು ಕೇಳಿದ ಹೆಸರಿನವರೇ ಇಲ್ಲವಾದರೆ 401. ಆದರೆ ಈ ಸಂಖ್ಯೆ ಓದುವುದು ನಮ್ಮ ಕಂಪ್ಯೂಟರಿನ ತಂತ್ರಾಂಶ. ಅದನ್ನು ಪರದೆಯ ಮೇಲೆ ಹೇಗೆ ತೋರಿಸಬೇಕೆಂಬುದು ಆ ತಂತ್ರಾಂಶ ಬರೆದವರ ಮರ್ಜಿ.

ಟಿಮೊ ಸಿರೈನೆನ್ 1999ರಲ್ಲಿ ಹೊರತಂದ ‘ಇರ್ಸಿ’ ಎಂಬ ತಂತ್ರಾಂಶದ ಶಿಸ್ತು ನೋಡಿ. ಯಾರೋ ಬಂದರು, ಯಾರೋ ಹೋದರು, ಯಾರದೋ ವಿವರ ಕೇಳಿದಿರಿ, ಎಲ್ಲಕ್ಕೂ ಸಾಲಿನ ಆರಂಭದಲ್ಲಿ ‘-!-’ ಎಂಬ ಒಂದೇ ಗುರುತು. ವಿವರಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲುತ್ತವೆ. ಕೊನೆಗೆ ‘ಮುಗಿಯಿತು’ ಎನ್ನುವ ಸಾಲು. ಗುರುತನ್ನು ಬರೆದಿರುವುದು ವಿನ್ಯಾಸದ ಕಡತದಲ್ಲಿ ಒಂದೇ ಕಡೆ. ಅಲ್ಲಿ ತಿದ್ದಿದರೆ ಎಲ್ಲ ಸೂಚನೆಗಳಲ್ಲೂ ಬದಲಾಗುತ್ತದೆ.

ಇದು ಬರೀ ಅಂದಚೆಂದದ ಮಾತಲ್ಲ. ಕಟ್ಟೆಯಲ್ಲಿ ಯಾರೋ ಕಿಲಾಡಿ ‘ಸರ್ವರ್ ಸೂಚನೆ: ನಿಮ್ಮ ಪಾಸ್‌ವರ್ಡ್ ಕಳಿಸಿ’ ಎಂದು ಬರೆದ ಅನ್ನಿ. ಯಂತ್ರದ ಸೂಚನೆ ಒಮ್ಮೆ ನಕ್ಷತ್ರ ಹಾಕಿಕೊಂಡು, ಒಮ್ಮೆ ಆವರಣದೊಳಗೆ, ಒಮ್ಮೆ ಏನೂ ಇಲ್ಲದೆ ಬರುವ ಪರದೆಯಲ್ಲಿ ಇದನ್ನು ನಂಬುವವರು ಸಿಕ್ಕೇ ಸಿಗುತ್ತಾರೆ. ಸೂಚನೆ ಸದಾ ಒಂದೇ ವೇಷದಲ್ಲಿ ಬರುವ ಕಡೆ, ಸಾಲಿನ ಮುಂದಿರುವ ಕಿಲಾಡಿಯ ಹೆಸರು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಬಣ್ಣ ಬೇರೆ ಮಾಡಿದರೆ ಸಾಲದೆ ಎನ್ನುತ್ತೀರಾ? ಮಾತುಕತೆಯನ್ನು ಸಾದಾ ಅಕ್ಷರಗಳ ಕಡತವಾಗಿ ಉಳಿಸಿಕೊಂಡರೆ ಬಣ್ಣ ಉಳಿಯದು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ನೆಚ್ಚಿಕೊಂಡ ಅಂಧರಿಗೆ ಬಣ್ಣದಿಂದ ಏನೂ ಪ್ರಯೋಜನವಿಲ್ಲ. ಗುರುತಿನ ಜಾಗದಲ್ಲಿ ‘ಸೂಚನೆ’ ಎಂಬ ಪದವನ್ನೇ ಇಟ್ಟುಕೊಂಡರೆ ಅವರ ಕಿವಿಗೆ ಅದು ಮೊದಲು ಬೀಳುತ್ತದೆ.

ಈಗಂತೂ ಯಂತ್ರಗಳು ಥೇಟ್ ಮನುಷ್ಯರಂತೆಯೇ ಮಾತಾಡತೊಡಗಿವೆ. ಮಾತು ಹೇಗಾದರೂ ಇರಲಿ, ಸಾಲಿನ ಮೊದಲ ಗುರುತು ಮಾತ್ರ ಬದಲಾಗದಿರಲಿ.