ದಾರಿ ಬೇರೆಯಾದರೆ ಅಂಕ ಕಳೆಯುವುದೇಕೆ?



ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ವಾರ ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ತೋರಿಸಿದಳು. ‘ಹಟ್ಟಿಯೊಂದರಲ್ಲಿ ಕುರಿ, ಕೋಳಿ ಸೇರಿ 20 ತಲೆ, 56 ಕಾಲುಗಳಿವೆ. ಕುರಿಗಳೆಷ್ಟು?’ ಎಂಬುದು ಪ್ರಶ್ನೆ. ಅವಳು ಬರೆದದ್ದು ಹೀಗೆ: ಕುರಿಗಳೆಲ್ಲ ಮುಂಗಾಲು ಎತ್ತಿ ನಿಂತರೆ ನೆಲದ ಮೇಲೆ ತಲೆಗೆ ಎರಡರಂತೆ 40 ಕಾಲು ಉಳಿಯುತ್ತವೆ, ಮೇಲೆದ್ದ ಕಾಲು 16, ಹಾಗಾಗಿ ಕುರಿ 8. ಮೂರು ಅಂಕದ ಪ್ರಶ್ನೆಗೆ ಸಿಕ್ಕಿದ್ದು ಒಂದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಸಮೀಕರಣವಿಲ್ಲ, ಹಂತಗಳಿಲ್ಲ’ ಎಂದಿತ್ತು.

ಮೂರು ದಶಕ ಗಣಿತ ಕಲಿಸಿದವಳು ನಾನು. ಅಂಥ ಉತ್ತರ ಸಿಕ್ಕರೆ ಪಾಠ ನಿಲ್ಲಿಸಿ ತರಗತಿಗೆಲ್ಲ ಓದಿ ಹೇಳಬೇಕು. ಅವಳು ಹಂತ ಬಿಟ್ಟಿಲ್ಲ. ಕುರಿಗಳು ‘ಎಕ್ಸ್’ ಎಂದಿಟ್ಟುಕೊಂಡು ಸಮೀಕರಣ ಬರೆದು ಬಿಡಿಸಿದರೂ ನಡುವೆ 56ರಿಂದ 40 ಕಳೆಯಲೇಬೇಕು, 16ನ್ನು ಎರಡರಿಂದ ಭಾಗಿಸಲೇಬೇಕು. ಸಮೀಕರಣದೊಳಗಿನ ಆ 40 ಎಲ್ಲಿಂದ ಬಂತು ಎಂದು ಕೇಳಿದರೆ ನೂರಕ್ಕೆ ನೂರು ತೆಗೆಯುವ ಮಕ್ಕಳೂ ಸುಮ್ಮನಾಗುವುದನ್ನು ನಾನು ಕಂಡಿದ್ದೇನೆ. ಇವಳಿಗೆ ಅದು ಕಣ್ಣಿಗೆ ಕಟ್ಟಿದೆ.

ಬೀಜಗಣಿತ ಕಲಿಯುವುದು ಬೇಡವೇ ಎಂದು ಕೆಲವರು ಕೇಳಿಯಾರು. ಖಂಡಿತ ಬೇಕು. ಅದನ್ನು ಪರೀಕ್ಷಿಸಬೇಕಿದ್ದರೆ ‘ಸಮೀಕರಣ ರಚಿಸಿ ಬಿಡಿಸಿ’ ಎಂದೇ ಕೇಳಲಿ. ಕುರಿಗಳೆಷ್ಟು ಎಂದು ಕೇಳಿ, ಎಣಿಸಿ ಕೊಟ್ಟ ಮಗುವಿನ ಅಂಕ ಕಳೆಯುವುದು ಅನ್ಯಾಯ. ಎಸ್ಸೆಸ್ಸೆಲ್ಸಿಯ ಮಾದರಿ ಉತ್ತರಗಳಲ್ಲಿ ‘ಪರ್ಯಾಯ ವಿಧಾನ’ ಎಂದು ಮುದ್ರಿಸಿ ಅದಕ್ಕೂ ಅಂಕ ಕೊಡುತ್ತಾರೆ. ಹದಿನಾರರ ಹುಡುಗರಿಗೆ ಇರುವ ಈ ಸ್ವಾತಂತ್ರ್ಯ ಹನ್ನೆರಡರ ಮಕ್ಕಳಿಗೆ ಯಾಕಿಲ್ಲ? ಹೊಸ ದಾರಿ ಹುಡುಕುವ ಧೈರ್ಯ ಮೂಡುವುದೂ ಮುದುಡುವುದೂ ಈ ಆರು, ಏಳು, ಎಂಟನೇ ತರಗತಿಗಳಲ್ಲೇ.

ಒಮ್ಮೆ ನನ್ನ ತರಗತಿಯಲ್ಲಿ, ಅಂಶ 1 ಇರುವ ಬೇರೆ ಬೇರೆ ಭಿನ್ನರಾಶಿಗಳನ್ನು ಕೂಡಿಸಿ 1 ಮಾಡಿ ಎಂದಿದ್ದೆ. 1/2, 1/3, 1/6 ಬೇಗನೆ ಸಿಕ್ಕಿತು. ನಾಲ್ಕು ತುಂಡು ಬೇಕೆಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆ ಮೂರನ್ನೂ ಅರ್ಧ ಮಾಡಿ, ಉಳಿದ ಅರ್ಧವನ್ನು ಹಾಗೇ ಸೇರಿಸಿದಳು: 1/2, 1/4, 1/6, 1/12. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೊಂದು ನಿಯಮ ಕೊಟ್ಟಿದ್ದಾನೆ. ಅದರಂತೆ ನಾಲ್ಕು ತುಂಡುಗಳೆಂದರೆ 1/2, 1/3, 1/9, 1/18. ಎರಡೂ ಸರಿ. ಆಚಾರ್ಯರದ್ದಕ್ಕಿಂತ ಬೇರೆ ದಾರಿ ತನಗೆ ಹೊಳೆಯಿತೆಂದು ಆ ಹುಡುಗಿ ಇಡೀ ದಿನ ಬೀಗುತ್ತಿದ್ದಳು. ಅವಳ ಉತ್ತರ ಯಾವ ಗೈಡಿನಲ್ಲೂ ಇರಲಿಲ್ಲ.

ಶಿಕ್ಷಕರನ್ನು ಮಾತ್ರ ದೂರಲಾರೆ. ನಲವತ್ತು ನಿಮಿಷದ ಪೀರಿಯಡ್ಡು, ಮೇಜಿನ ಮೇಲೆ ಪುಸ್ತಕಗಳ ರಾಶಿ, ತಪಾಸಣೆಗೆ ಬಂದವರಿಗೆ ಎಲ್ಲ ಪುಸ್ತಕಗಳೂ ಒಂದೇ ಥರ ಕಾಣಬೇಕೆಂಬ ಒತ್ತಡ. ಬೇರೆ ದಾರಿಯ ಉತ್ತರವನ್ನು ಓದಿ ಅರ್ಥಮಾಡಿಕೊಳ್ಳಲು ಸಮಯ ಬೇಕು, ಅಂಕ ಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲವೆಂಬ ಭರವಸೆ ಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮಗುವಿನ ಯೋಚನೆಯನ್ನೇ ಗಣಿತಮಯವಾಗಿಸುವುದು ಗುರಿ ಎಂದಿತ್ತು. ಅಂಕ ಹಾಕುವ ಕ್ರಮ ಬದಲಾಗದೆ ಆ ಮಾತು ತರಗತಿಗೆ ಇಳಿಯುವುದು ಹೇಗೆ?

ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೆ: ಆರರಿಂದ ಎಂಟನೇ ತರಗತಿವರೆಗಿನ ಗಣಿತಕ್ಕೆ, ತರ್ಕ ಸರಿಯಿರುವ ಯಾವ ವಿಧಾನಕ್ಕೂ ಪೂರ್ಣ ಅಂಕ ಎಂದು ಲಿಖಿತ ಸೂಚನೆ ಕೊಡಿ. ಪ್ರತಿ ರೂಪಣಾತ್ಮಕ ಮೌಲ್ಯಮಾಪನದಲ್ಲೂ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಬಿಡಿಸಬಹುದಾದ ಒಂದು ಲೆಕ್ಕವಾದರೂ ಇರಲಿ. ಮುಂದಿನ ಸಂಕಲನಾತ್ಮಕ ಮೌಲ್ಯಮಾಪನಕ್ಕೆ ಮೊದಲೇ ಈ ಸೂಚನೆ ಶಾಲೆಗಳಿಗೆ ತಲುಪಲಿ. ಈಗ ನನ್ನ ಮೊಮ್ಮಗಳು ಉತ್ತರವನ್ನು ಮನಸ್ಸಿನಲ್ಲೇ ಕಂಡುಕೊಂಡು, ಆಮೇಲೆ ‘ಎಕ್ಸ್ ಎಂದಿರಲಿ’ ಎಂದು ಬರೆಯತೊಡಗಿದ್ದಾಳೆ.

— ನಿವೃತ್ತ ಗಣಿತ ಶಿಕ್ಷಕಿ, ಶಿರಸಿ