ಊದಿದ ಕಾಲನ್ನು ತಿಕ್ಕಬೇಡಿ

ಅಂಡಾಶಯದ ಕ್ಯಾನ್ಸರ್ ಮರುಕಳಿಸಿದಾಗ ಕೆಲವರಿಗೆ ಎರಡನೆಯ ಬಾರಿ ಶಸ್ತ್ರಚಿಕಿತ್ಸೆ ಮಾಡುವುದುಂಟು. ಹೊಲಿಗೆ ಬಿಚ್ಚಿ ಮನೆಗೆ ಕಳುಹಿಸಿದರೆಂದರೆ ಮನೆಯವರಿಗೆ ಅರ್ಧ ಭಾರ ಇಳಿದಂತೆ. ಮುಂದಿನ ವಾರ ಒಂದು ಕಾಲು ಊದಿಕೊಂಡರೆ, ‘ಮಲಗಿ ಮಲಗಿ ನೀರು ತುಂಬಿದೆ’ ಎಂದು ಬಿಸಿ ಎಣ್ಣೆ ಹಚ್ಚಿ ತಿಕ್ಕುವವರುಂಟು. ಇದು ಅಪಾಯ. ಏಕೆ?

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮುಖ್ಯವಾಗಿ ಮೂರು ಕಾರಣಗಳು: ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ ಅವರ ಹೆಸರಿನಲ್ಲಿ ಇವು ಪ್ರಸಿದ್ಧ. ಈ ರೋಗಿಗಳಲ್ಲಿ ಮೂರೂ ಸೇರುತ್ತವೆ. ಹಾಸಿಗೆಯಲ್ಲಿ ಮಲಗಿರುವುದರಿಂದ ಹರಿವು ಮಂದ, ಶಸ್ತ್ರಚಿಕಿತ್ಸೆಯಿಂದ ಪೆಟ್ಟು, ಕ್ಯಾನ್ಸರಿನಿಂದ ಹೆಪ್ಪುಗಟ್ಟುವ ಗುಣ ಹೆಚ್ಚು. ಕ್ಯಾನ್ಸರಿಗೂ ಹೆಪ್ಪಿಗೂ ಇರುವ ಈ ನಂಟನ್ನು ಪ್ಯಾರಿಸ್ಸಿನ ಆರ್ಮಾಂ ತ್ರೂಸೋ 1865ರಲ್ಲೇ ವಿವರಿಸಿದ್ದರು. ಮುಂದೆ ತಮ್ಮದೇ ದೇಹದಲ್ಲಿ ಅಂಥ ಹೆಪ್ಪನ್ನು ಕಂಡು ತಮಗೂ ಕ್ಯಾನ್ಸರ್ ಇದೆಯೆಂದು ಅರಿತರು. 1867ರಲ್ಲಿ ಜಠರದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ತಿಕ್ಕಿದಾಗ ಕಳಚಿಕೊಳ್ಳಬಹುದು. ಅದು ಹೃದಯದ ಮೂಲಕ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ತಡೆಯಲೆಂದೇ ಹೊಟ್ಟೆಯ ದೊಡ್ಡ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಸುಮಾರು 4 ವಾರ ಹೆಪಾರಿನ್ ಬಗೆಯ ಚುಚ್ಚುಮದ್ದು ಕೊಡುತ್ತಾರೆ. ಗಾಯ ಮಾಗಿತೆಂದು ಅದನ್ನು ಅರ್ಧಕ್ಕೆ ಬಿಡಬಾರದು.

ಇನ್ನೊಂದು ತೊಂದರೆ ತೀರ ಅಪರೂಪದ್ದು. ಹಿಂದಿನ ಶಸ್ತ್ರಚಿಕಿತ್ಸೆಯ ಕಲೆಗಟ್ಟಿದ ಅಂಗಾಂಶ ಕಿಬ್ಬೊಟ್ಟೆಯ ರಕ್ತನಾಳಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಅಪಧಮನಿಯ ಗೋಡೆಗೆ ಸಣ್ಣ ಗಾಯವಾದರೆ, ಹೊರಬಂದ ರಕ್ತ ಸುತ್ತಲಿನ ಅಂಗಾಂಶದೊಳಗೆ ಚೀಲದಂತೆ ನಿಲ್ಲಬಹುದು. ಇದು ಹುಸಿ ಉಬ್ಬು. ದಿನಗಳೋ ವಾರಗಳೋ ಕಳೆದ ಮೇಲೆ ಒಡೆದು ಒಳಗೇ ರಕ್ತ ಸುರಿಯಬಹುದು. ಸಿ.ಟಿ. ಸ್ಕ್ಯಾನಿನಲ್ಲಿ ಇದನ್ನು ಗುರುತಿಸುತ್ತಾರೆ. ಎಷ್ಟೋ ಸಲ ಮತ್ತೆ ಹೊಟ್ಟೆ ಕೊಯ್ಯದೆ, ತೊಡೆಸಂದಿನ ಅಪಧಮನಿಯಿಂದ ತೆಳುವಾದ ನಳಿಕೆ ಒಯ್ದು ಮುಚ್ಚಲು ಸಾಧ್ಯ.

ಕಾಲು ಊದುವುದೆಲ್ಲ ಹೆಪ್ಪೇ ಆಗಿರಬೇಕಿಲ್ಲ. ದುಗ್ಧಗ್ರಂಥಿಗಳನ್ನು ತೆಗೆದಿದ್ದರೂ ಊದಬಹುದು. ಯಾವುದೆಂದು ತಿಳಿಯಲು ಡಾಪ್ಲರ್ ಪರೀಕ್ಷೆ ಬೇಕು. ಕೈಯಿಂದ ಒತ್ತಿ ನೋಡಿದರೆ ತಿಳಿಯದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಹೊಟ್ಟೆ ನೋವಿನೊಂದಿಗೆ ತಲೆ ಸುತ್ತಿ ಬಿದ್ದರೆ ಬೆಳಗಾಗಲೆಂದು ಕಾಯಬಾರದು.