ಡ್ರೋನ್ ಕ್ಯಾಮೆರಾ ನಡುಗಿದರೆ ಗಿಂಬಲ್ ಬದಲಿಸಲೇಬೇಕೆ?

ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಮೇಲಿನಿಂದ ನೋಡಿದರೆ ನಾವು ಕೋಲಾರ ಜಿಲ್ಲೆಯಲ್ಲೇ ಇದ್ದೇವೆಯೇ ಎಂದು ಅನುಮಾನ ಬರುತ್ತದೆ. ಮಳೆನೀರು ಕೊರೆದ ಕೊರಕಲುಗಳು, ಗಿಡಮರಗಳಿಲ್ಲದ ಬೋಳು ಗುಡ್ಡಗಳು, ದೂರದಲ್ಲಿ ಗಣಿಯ ಹಳೆಯ ಕಬ್ಬಿಣದ ಗೋಪುರಗಳು. ಸಿನಿಮಾದವರಿಗೂ ಮದುವೆ ಫೋಟೋ ತೆಗೆಯುವವರಿಗೂ ಇಂತಹ ಜಾಗ ಇಷ್ಟವಾಗುವುದು ಸಹಜ. ಆದರೆ ಈ ದಿಬ್ಬಗಳು ಆಗಿರುವುದೇ ಹಿಟ್ಟಿನಂತೆ ಅರೆದ ಕಲ್ಲಿನಿಂದ. ಕಲ್ಲನ್ನು ನುಣ್ಣಗೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದದ್ದನ್ನು ಇಲ್ಲಿ ಸುರಿಯುತ್ತಾ ಬಂದರು. ಗಣಿಗಳು 2001ರಲ್ಲಿ ಮುಚ್ಚಿದವು, ಪುಡಿ ಅಲ್ಲೇ ಉಳಿಯಿತು. ಗಾಳಿ ಬೀಸಿದಾಗ ಅದು ಊರೊಳಗೂ ಬರುತ್ತದೆ, ನೆಲಕ್ಕೆ ಇಳಿಯುವ ಡ್ರೋನಿನ ರೆಕ್ಕೆಯ ಗಾಳಿಗೂ ಏಳುತ್ತದೆ.

ಹೀಗೆ ಎದ್ದ ದೂಳು ಮೊದಲು ಸೇರುವ ಜಾಗಗಳಲ್ಲಿ ಡ್ರೋನಿನ ಮುಂಭಾಗದಲ್ಲಿ ತೂಗುವ ಗಿಂಬಲ್ ಒಂದು. ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿಯುವ ತೋಳು ಅದು. ಸ್ವಿಚ್ ಹಾಕಿದಾಗ ಕ್ಯಾಮೆರಾ ನಡುಗಿತು, ತಲೆ ಬಾಗಿಸಿತು ಅಥವಾ 'ಗಿಂಬಲ್ ಮೋಟಾರ್ ಓವರ್‌ಲೋಡ್' ಎಂಬ ಸಂದೇಶ ಬಂತು ಎಂದರೆ ಸಾಕು, "ಗಿಂಬಲ್ ಹೋಯ್ತು, ಹೊಸದು ಹಾಕಬೇಕು" ಎಂಬ ತೀರ್ಮಾನ ಬಂದೇಬಿಡುತ್ತದೆ. ಈ ತೀರ್ಮಾನ ಎಷ್ಟು ಸರಿ?

ಅದನ್ನು ತಿಳಿಯಲು ಗಿಂಬಲ್ ಏನು ಮಾಡುತ್ತದೆ ಎಂದು ನೋಡಬೇಕು. ಕರಗ ಹೊತ್ತವರು ಎಷ್ಟೇ ವೇಗವಾಗಿ ಹೆಜ್ಜೆ ಹಾಕಿದರೂ ತಲೆಯ ಮೇಲಿನ ಕರಗ ನೆಟ್ಟಗೇ ನಿಂತಿರುತ್ತದಲ್ಲ? ದೇಹ ಎಡಕ್ಕೆ ವಾಲಿದರೆ ಕುತ್ತಿಗೆ ಬಲಕ್ಕೆ ಸರಿದೂಗಿಸುತ್ತದೆ. ಗಿಂಬಲ್‌ನದೂ ಇದೇ ಕೆಲಸ. ಕ್ಯಾಮೆರಾದ ಜೊತೆಗಿರುವ ಗೈರೋ ಸಂವೇದಕ ಸಣ್ಣ ಅಲುಗಾಟವನ್ನೂ ಗುರುತಿಸುತ್ತದೆ. ಮೂರು ಪುಟ್ಟ ಮೋಟಾರುಗಳು ಸೆಕೆಂಡಿಗೆ ನೂರಾರು ಸಲ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ, ಮತ್ತೊಂದು ಓರೆಯಾಗದಂತೆ. ಈ ಮೋಟಾರುಗಳಲ್ಲಿ ಹಲ್ಲಿನ ಚಕ್ರಗಳಿಲ್ಲ, ಕಾಂತದ ಬಲವೇ ಕ್ಯಾಮೆರಾವನ್ನು ಹಿಡಿದಿಡುತ್ತದೆ. ಹಾಗಾಗಿ ಡ್ರೋನ್ ಆಫ್ ಆಗಿದ್ದಾಗ ಕ್ಯಾಮೆರಾ ಸಡಿಲವಾಗಿ ಜೋತುಬಿದ್ದಿರುವುದು ದೋಷವಲ್ಲ. ಎಷ್ಟೋ ಜನ ಇದನ್ನೇ ನೋಡಿ ಗಾಬರಿಯಾಗುತ್ತಾರೆ.

ಕಾಂತದ ಬಲ ತೀರಾ ಕಡಿಮೆ ಎಂಬುದು ಇಲ್ಲಿ ಮುಖ್ಯ. ಮೋಟಾರಿನ ಸಂದಿಯಲ್ಲಿ ನಾಲ್ಕು ಕಣ ಮರಳು ಸಿಕ್ಕಿಕೊಂಡರೂ ಅದು ಏದುಸಿರು ಬಿಡುತ್ತದೆ. ಕೆಜಿಎಫ್ ದೂಳಿನಲ್ಲಿ ಬೆಣಚುಕಲ್ಲಿನ ಪುಡಿ ಬಹಳ. ಬೆಣಚು ಗಾಜಿಗಿಂತ ಗಟ್ಟಿ. ಅಂಗಿಯ ತುದಿಯಿಂದ ಲೆನ್ಸ್ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಝಾಡಿಸಿ, ಕ್ಯಾಮೆರಾವನ್ನು ಬೆರಳಿನಿಂದ ಮೂರೂ ದಿಕ್ಕಿಗೆ ನಿಧಾನವಾಗಿ ತಿರುಗಿಸಿ ನೋಡಿ. ಎಲ್ಲೂ ಕರಕರ ಎನ್ನದೆ ತಿರುಗಿದರೆ ಮೋಟಾರುಗಳು ಬಹುತೇಕ ಚೆನ್ನಾಗಿವೆ. (ಈ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ. ಹೆಸರು ಕೇಳಿ ಜನ ಸೈನೈಡಿಗೆ ಹೆದರುತ್ತಾರೆ; ಉಸಿರಿನ ಜೊತೆ ಒಳಹೋಗುವ ಸಿಲಿಕಾ ದೂಳಿಗೂ ಅಷ್ಟೇ ಹೆದರಬೇಕು. ಗಣಿ ಕಾರ್ಮಿಕರ ಶ್ವಾಸಕೋಶ ಕೆಡಿಸಿದ್ದು ಅದೇ.)

ದೂಳಲ್ಲದಿದ್ದರೆ ಮತ್ತೇನು? ಲಕ್ಷಣಗಳೇ ಅರ್ಧ ಉತ್ತರ ಹೇಳುತ್ತವೆ. ಗಿಂಬಲ್ ಸರಿಯಾಗಿ ಆಡುತ್ತಿದೆ, ಆದರೆ ಪರದೆಯಲ್ಲಿ ಚಿತ್ರವಿಲ್ಲ ಎಂದರೆ ಚಿತ್ರ ಸಾಗಿಸುವ ಕೂದಲೆಳೆಯಂತಹ ತಂತಿಗಳ ಮೇಲೆ ಅನುಮಾನ ಪಡಬೇಕು. ಚಿತ್ರ ಬರುತ್ತಿದೆ, ಕ್ಯಾಮೆರಾ ಮಾತ್ರ ಸತ್ತಂತೆ ಜೋತಾಡುತ್ತಿದೆ ಎಂದರೆ ಮೋಟಾರುಗಳಿಗೆ ವಿದ್ಯುತ್ ಒಯ್ಯುವ ಫ್ಲೆಕ್ಸ್, ಅಂದರೆ ಚಪ್ಪಟೆ ಕೇಬಲ್, ಹರಿದಿರಬಹುದು. ವಿಡಿಯೊ ಜೆಲ್ಲಿಯಂತೆ ಅಲೆಅಲೆಯಾಗಿ ಕಂಡರೆ ಗಿಂಬಲನ್ನು ತೂಗುಹಾಕಿರುವ ರಬ್ಬರ್ ಬುಗುಟುಗಳನ್ನು ನೋಡಿ, ಒಂದು ಕಿತ್ತುಬಂದಿರುತ್ತದೆ. ಇಲ್ಲವೇ ರೆಕ್ಕೆಯ ಅಂಚು ಮುಕ್ಕಾಗಿರುತ್ತದೆ. ದಿಗಂತ ಮಾತ್ರ ಓರೆಯಾಗಿದ್ದರೆ ಏನನ್ನೂ ಬಿಚ್ಚಬೇಕಿಲ್ಲ: ಡ್ರೋನನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಆ್ಯಪ್‌ನಲ್ಲಿ ಗಿಂಬಲ್ ಕ್ಯಾಲಿಬ್ರೇಶನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಡೀ ಗಿಂಬಲ್ ಬದಲಿಸಲೇಬೇಕಾದದ್ದು ತೋಳು ಸೊಟ್ಟಗಾದಾಗ, ಮೋಟಾರ್ ಸುಟ್ಟಾಗ ಅಥವಾ ಕ್ಯಾಮೆರಾವೇ ಒಡೆದಾಗ.

ವಿಚಿತ್ರವೆಂದರೆ, ಬೆಲೆಯಲ್ಲಿ ಅಗ್ಗವಾದ ಭಾಗದ ದುರಸ್ತಿಯೇ ಕಷ್ಟದ್ದು. ಫ್ಲೆಕ್ಸ್ ಬಹಳ ಅಗ್ಗ. ಆದರೆ ಅದು ಟೊಳ್ಳು ತೋಳಿನೊಳಗೆ, ಮೋಟಾರುಗಳ ಸುತ್ತ ಸುರುಳಿಯಾಗಿ ಸಾಗುತ್ತದೆ. ಅದನ್ನು ಹಾಕಲು ತೋಳಿನ ಒಂದೊಂದು ಗೆಣ್ಣನ್ನೂ ಬಿಚ್ಚಬೇಕು. ಸುರುಳಿ ಸ್ವಲ್ಪ ಬಿಗಿಯಾದರೂ ಕ್ಯಾಮೆರಾ ಒಂದು ಕಡೆಗೆ ಎಳೆಯುತ್ತದೆ. ಇಡೀ ಗಿಂಬಲ್ ದುಬಾರಿ, ಆದರೆ ಜೋಡಿಸುವುದು ಸುಲಭ. ಬ್ಯಾಟರಿ ಮತ್ತು ರೆಕ್ಕೆಗಳನ್ನು ತೆಗೆದು, ಮೇಲಿನ ಕವಚ ಬಿಚ್ಚಿ, ಕನೆಕ್ಟರ್‌ಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ, ರಬ್ಬರ್ ಬುಗುಟುಗಳನ್ನು ಬಿಡಿಸಿದರೆ ಹಳೆಯದು ಕೈಗೆ ಬರುತ್ತದೆ. ಎಡವಟ್ಟಾಗುವುದು ಸಣ್ಣ ವಿಷಯಗಳಲ್ಲಿ. ಒಂದೇ ಕವಚದಲ್ಲಿ ಬೇರೆಬೇರೆ ಉದ್ದದ ಸ್ಕ್ರೂಗಳಿರುತ್ತವೆ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಒಳಗಿನ ಬೋರ್ಡ್ ಗಾಯಗೊಳ್ಳುತ್ತದೆ. ಹಾಗಾಗಿ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕನೆಕ್ಟರನ್ನು ತಂತಿ ಹಿಡಿದು ಎಳೆಯಬೇಡಿ. ಕೂರಿಸುವಾಗ ಟಕ್ ಎಂಬ ಸದ್ದು ಬರುವವರೆಗೆ ಬೆರಳಿನಿಂದ ನೇರವಾಗಿ ಒತ್ತಿ.

ಹೊಸದನ್ನು ಕೂರಿಸಿದ ಕೂಡಲೇ ಎಲ್ಲ ಮೊದಲಿನಂತಾಗುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಪ್ರತಿ ಮೋಟಾರು ಯಾವ ಕೋನದಲ್ಲಿದೆ ಎಂದು ಹೇಳುವ ಪುಟ್ಟ ಕಾಂತೀಯ ಸಂವೇದಕಗಳಿರುತ್ತವೆ. ಒಂದರಂತೆ ಇನ್ನೊಂದಿರುವುದಿಲ್ಲವಾದ್ದರಿಂದ ಕಾರ್ಖಾನೆಯಲ್ಲಿ ಅಳತೆ ಮಾಡಿ ಆ ಲೆಕ್ಕವನ್ನು ದಾಖಲಿಸಿರುತ್ತಾರೆ. ಒಂದು ಮೋಟಾರನ್ನಷ್ಟೇ ಬೇರೆ ಡ್ರೋನಿನಿಂದ ತಂದು ಹಾಕಿದರೆ ಹಳೆಯ ಲೆಕ್ಕ ಹೊಂದುವುದಿಲ್ಲ. ಕ್ಯಾಮೆರಾ ನಡುಗುತ್ತಲೇ ಇರುತ್ತದೆ. ಆ್ಯಪ್‌ನ ಕ್ಯಾಲಿಬ್ರೇಶನ್ ಅದಕ್ಕೆ ಸಾಲದು, ಸರ್ವಿಸ್ ಸೆಂಟರಿನ ತಂತ್ರಾಂಶ ಬೇಕಾಗುತ್ತದೆ. ಹೀಗಾಗಿ ಮೋಟಾರ್ ಸುಟ್ಟಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಬೋರ್ಡ್ ಸಮೇತ ಇಡೀ ಗಿಂಬಲ್ ಹಾಕಿಸುವುದೇ ಲೇಸು. ಕೊಳ್ಳುವ ಮೊದಲು ಮಾದರಿಯ ಹೆಸರನ್ನು ಎರಡು ಸಲ ಓದಿ. ಡಿಜೆಐ ಮಿನಿ 2 ಮತ್ತು ಮಿನಿ ಎಸ್‌ಇ ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಒಂದರ ಕ್ಯಾಮೆರಾ 4ಕೆ, ಇನ್ನೊಂದರದ್ದು 2.7ಕೆ.

ಇಷ್ಟು ತಲೆ ಕೆಡಿಸಿಕೊಳ್ಳುವ ಬದಲು ಹೊಸ ಡ್ರೋನನ್ನೇ ತರಬಾರದೇ ಎಂದು ಕೇಳಬಹುದು. ಕೇಂದ್ರ ಸರ್ಕಾರ 2022ರ ಫೆಬ್ರವರಿ 9ರಂದು ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗಳಿಗೆ ಮಾತ್ರ ವಿನಾಯಿತಿ. ಆದರೆ ಬಿಡಿಭಾಗಗಳನ್ನು ತರಿಸಲು ಅಡ್ಡಿಯಿಲ್ಲ. ಇರುವ ಡ್ರೋನಿನಿಂದಲೇ ಮದುವೆ ಸೀಸನ್ ಮುಗಿಸಬೇಕಾದ ಬಂಗಾರಪೇಟೆಯ ಫೋಟೋಗ್ರಾಫರಿಗೆ ಇದರ ಅರ್ಥ ಸ್ಪಷ್ಟ: ಹೊಸದು ಸಿಗುವುದು ಕಷ್ಟ, ರಿಪೇರಿ ಸಾಧ್ಯ. ಬಿಡಿಭಾಗ ಬೇಕೆಂದರೆ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿಬರಬಹುದು. ಅಲ್ಲಿ ಬಿದ್ದು ಒಡೆದ ಡ್ರೋನಿನಿಂದ ಕಿತ್ತ ಹಳೆಯ ಗಿಂಬಲ್ ಕೊಡಲು ಬಂದರೆ, ಅಂಗಡಿಯಲ್ಲೇ ಡ್ರೋನಿಗೆ ಜೋಡಿಸಿ ಚಿತ್ರ ಬರುತ್ತದೆಯೇ, ಮೂರೂ ದಿಕ್ಕಿಗೆ ಆಡುತ್ತದೆಯೇ ಎಂದು ನೋಡದೆ ಹಣ ಕೊಡಬೇಡಿ.

ಜೋಡಣೆ ಮುಗಿದ ಮೇಲೆ ನೇರ ಮದುವೆ ಮನೆಗೆ ಒಯ್ಯಬೇಡಿ. ರೆಕ್ಕೆ ಹಾಕದೆ ಮೇಜಿನ ಮೇಲೆ ಹತ್ತು ನಿಮಿಷ ಆನ್ ಮಾಡಿಟ್ಟು ಗಿಂಬಲ್ ಬಿಸಿಯಾಗುತ್ತದೆಯೇ ನೋಡಿ. ಆಮೇಲೆ ಬಯಲಿನಲ್ಲಿ ಆಳೆತ್ತರಕ್ಕೆ ಹಾರಿಸಿ ವಿಡಿಯೊ ಪರೀಕ್ಷಿಸಿ. ದಿಬ್ಬಗಳ ಕಡೆ ಹೋಗುವುದಾದರೆ ಒಂದು ಟಾರ್ಪಾಲು ಜೊತೆಗಿರಲಿ. ಅದರ ಮೇಲಿಂದ ಏರಿಸಿ, ಅದರ ಮೇಲೆಯೇ ಇಳಿಸಿದರೆ ದೂಳು ಏಳುವುದು ಬಹಳಷ್ಟು ತಪ್ಪುತ್ತದೆ. ನಾಲ್ಕು ಮೂಲೆಗೂ ಕಲ್ಲಿಡಲು ಮರೆಯಬೇಡಿ, ಇಲ್ಲದಿದ್ದರೆ ಟಾರ್ಪಾಲೇ ಎದ್ದು ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ.